ಅಜ್ಜಂಪುರದ ಸೆಂಟರ್

ಕನಕರಾಜು ಬಹಳ ಸಾಧು ಮನುಷ್ಯ ಎಂದು ಅಜ್ಜಂಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಈ ಫೆಬ್ರವರಿಯವರೆಗೆ. ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಹಿಟ್ಟಿನ ಮಿಲ್ಲು. ಬೆಳಿಗ್ಗೆಯಿಂದ ಸಂಜೆಯವರೆಗೆ ರಾಗಿ ಬೀಸುವುದು, ತಲೆಯಿಂದ ಕಾಲಿನವರೆಗೆ ಬೆಳ್ಳಗಾಗುವುದು, ಮನೆಗೆ ಹೋಗಿ ಸ್ನಾನ ಮಾಡಿ ಮತ್ತೆ ಮನುಷ್ಯನಾಗುವುದು, ಇಷ್ಟೇ ಅವನ ಜೀವನ. ಮಿಷನ್ನಿನ ಸದ್ದಿನಲ್ಲಿ ಬಾಳಿ ಬಾಳಿ ದನಿ ಮಾತ್ರ ದೊಡ್ಡದಾಗಿತ್ತು. ಮನೆಯಲ್ಲಿ ಉಪ್ಪು ಕೇಳಿದರೆ ಬೀದಿಗೆಲ್ಲ ಉಪ್ಪು ಬೇಕಾಗಿದೆ ಎಂದು ತಿಳಿಯುತ್ತಿತ್ತು.

ಇಂಥವನಿಗೆ ಒಂದೇ ಒಂದು ಹೆಮ್ಮೆ. ಎಂಬತ್ತರ ದಶಕದಲ್ಲಿ ಅಜ್ಜಂಪುರಕ್ಕೊಂದು ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ಆ ತಂಡದಲ್ಲಿ ಕನಕರಾಜು ಇದ್ದ. ಇದ್ದ ಎಂದರೆ, ಅಂಕಣದ ಹೊರಗೆ ಬೆಂಚಿನ ಮೇಲೆ ಇದ್ದ. ಒಳಗೆ ಆಡುತ್ತಿದ್ದವರು ತಮ್ಮಯ್ಯ. ರಿಂಗಿನ ಕೆಳಗೆ ನಿಲ್ಲುವ, ಎಲ್ಲರಿಗಿಂತ ಎತ್ತರದ ಆಟಗಾರನಿಗೆ ಸೆಂಟರ್ ಎನ್ನುತ್ತಾರೆ. ತಮ್ಮಯ್ಯ ಆ ತಂಡದ ಸೆಂಟರ್. ಅವರ ಹೆಸರು ಹೇಳುವಾಗ ಕನಕರಾಜು ಈಗಲೂ ಕೂತಿದ್ದರೆ ಎದ್ದು ನಿಲ್ಲುತ್ತಿದ್ದ.

ಅನಾಹುತ ಶುರುವಾದದ್ದು ಒಂದು ಭಾನುವಾರದ ಊಟದಲ್ಲಿ. ಅಳಿಯ ಶಿವಕುಮಾರ್ ಕಡೂರಿನಿಂದ ಬಂದಿದ್ದ. ಅವನು ಅಲ್ಲಿ ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಬಾಡೂಟ ಮುಗಿದು ಎಲೆಅಡಿಕೆ ತಟ್ಟೆ ಬಂದ ಹೊತ್ತಿಗೆ ಮೊಬೈಲು ತೆಗೆದು ಮಾವನಿಗೆ ಅಮೆರಿಕದ ಆಟಗಾರರನ್ನು ತೋರಿಸತೊಡಗಿದ.

"ಇವನು ವಿಲ್ಟ್ ಚೇಂಬರ್ಲಿನ್ ಮಾವ. ಒಂದೇ ಮ್ಯಾಚಲ್ಲಿ ನೂರು ಪಾಯಿಂಟ್ ಹೊಡೆದ."

"ಅವತ್ತು ಎದುರಿಗೆ ತಮ್ಮಯ್ಯಣ್ಣ ಇದ್ರಾ?"

"ಇರಲಿಲ್ಲ ಮಾವ."

"ಮತ್ತೆ!"

"ಇವನು ಬಿಲ್ ರಸೆಲ್. ಹನ್ನೊಂದು ಸಲ ಚಾಂಪಿಯನ್. ಆಮೇಲೆ ಬಂದೋನು ಶಾಕ್ ಅಂತ. ಬುಟ್ಟಿ ಹಿಡ್ಕೊಂಡು ಜಗ್ಗಿದ್ರೆ ಬೋರ್ಡೇ ಕಿತ್ಕೊಂಡು ಬರೋದು."

"ನಮ್ಮ ಬೋರ್ಡು ಯಾರೂ ಜಗ್ಗದೇನೇ ಕಿತ್ಕೊಂಡು ಬರ್ತಿತ್ತು. ಹಗ್ಗದಲ್ಲಿ ಕಟ್ಕೊಂಡು ಆಡ್ತಿದ್ವಿ ಕಣ್ರೀ!"

ಶಿವಕುಮಾರ್ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ವಿದ್ಯಾವಂತರ ತೊಂದರೆಯೇ ಅದು, ನಿಲ್ಲಿಸುವುದಿಲ್ಲ. "ಹಳೇ ಸೆಂಟರ್‌ಗಳು ಕಂಬ ಇದ್ದ ಹಾಗೆ ಮಾವ, ನಿಂತಲ್ಲೇ ನಿಂತಿರೋರು. ಈಗಿನ ಹುಡುಗ್ರು ಓಡ್ತಾರೆ, ಪಾಸ್ ಕೊಡ್ತಾರೆ, ದೂರದಿಂದ ಹಾಕ್ತಾರೆ. ನಮ್ಮ ಕಡೆನೇ ನೋಡಿ, ತರೀಕೆರೆ ಮಹೇಂದ್ರ ಅಂತ ಒಬ್ಬ ಭಾರಿ ಎತ್ತರದ ಹುಡುಗ ಇದ್ದಾನೆ, ಕಾಲೇಜಲ್ಲಿ ಓದ್ತಾ ಇದ್ದಾನೆ. ನಿಮ್ಮ ತಮ್ಮಯ್ಯೋರು ಅವನ ಮುಂದೆ ಲೆಕ್ಕಕ್ಕೇ ಇಲ್ಲ ಬಿಡಿ."

ಕನಕರಾಜು ಎಲೆಅಡಿಕೆ ತಟ್ಟೆಯನ್ನು ಅಳಿಯನ ಮುಂದಿನಿಂದ ಎಳೆದುಕೊಂಡ. ಮದುವೆಯಾದ ಮೇಲೆ ಅಳಿಯನಿಗೆ ಆ ಮನೆಯಲ್ಲಿ ಆದ ಮೊದಲ ಅವಮಾನ ಅದು.

"ಅಳಿಯಂದ್ರೇ, ನೀವು ಮನೆಗೆ ಬಂದೋರು, ಏನೂ ಅನ್ನಬಾರದು. ಅದಕ್ಕೇ ಅಂತಾ ಇಲ್ಲ. ಆದ್ರೆ ನೀವು ಅಂದಿದ್ದು ಶುದ್ಧ ತಪ್ಪು."

ಹೆಂಡತಿ ಶಕುಂತಲಮ್ಮ ಅಡುಗೆಮನೆಯಿಂದ ಓಡಿ ಬಂದಳು. "ಯಾರು ಉದ್ದ ಇದ್ರೆ ನಿಮಗೇನ್ರೀ? ಅಳಿಯಂದ್ರ ಎಲೆಅಡಿಕೆ ಕೊಡಿ."

"ಅವರು ಮಾತು ವಾಪಸ್ ತಗೊಳ್ಲಿ, ಎಲೆಅಡಿಕೆ ಕೊಡ್ತೀನಿ."

ಶಿವಕುಮಾರ್ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಎಲೆಅಡಿಕೆ ಹಾಕದೆ ಕಡೂರಿಗೆ ಹೋದ.

ಮಾರನೇ ದಿನ ಮಿಲ್ಲಿನಲ್ಲಿ ಮಿಷನ್ನು ಓಡುತ್ತಿತ್ತು. ಹಾಲಮ್ಮ ಎನ್ನುವ ಹೆಂಗಸು ತನ್ನ ರಾಗಿ ಡಬ್ಬದ ಸರದಿಗೆ ಕಾಯುತ್ತ ಬಾಗಿಲ ಹತ್ತಿರ ಕೂತಿದ್ದಳು. ಹಾಲಮ್ಮನಿಗೆ ತಿಳಿದ ವಿಷಯ ಊರಿಗೆ ತಿಳಿಯದೆ ಉಳಿದ ದಾಖಲೆ ಇಲ್ಲ. ಆಗ ಅಳಿಯನ ಫೋನು ಬಂತು, ರಾಜಿ ಮಾಡಿಕೊಳ್ಳೋಣವೆಂದೇ ಮಾಡಿದ್ದ ಫೋನು. ಕನಕರಾಜು ಮಿಷನ್ನಿನ ಸದ್ದಿಗಿಂತ ಮೇಲೆ ಕೂಗಿದ:

"ಏನು? ಕೇಳಿಸ್ತಾ ಇಲ್ಲ! ನೋಡಿ, ಅಜ್ಜಂಪುರದ ಸೆಂಟರ್ ಬಿಟ್ಟು ತರೀಕೆರೆ ಸೆಂಟರ್ ಅಂದ್ರೆ ನಾನು ಒಪ್ಪಲ್ಲ! ರಾಗಿ ತಿಂದು ಬೆಳೆದ ಸೆಂಟರ್ ಕಣ್ರೀ ನಮ್ಮದು! ಪ್ರಾಣ ಹೋದ್ರೂ ತರೀಕೆರೆಗೆ ಬಿಟ್ಕೊಡಲ್ಲ!"

ಆ ಸದ್ದಿನಲ್ಲಿ ಹಾಲಮ್ಮನ ಕಿವಿಗೆ ಬಿದ್ದದ್ದು ಇಷ್ಟು: ಅಜ್ಜಂಪುರ, ರಾಗಿ, ಸೆಂಟರ್, ತರೀಕೆರೆ, ಪ್ರಾಣ. ಇನ್ನು ಜೋಡಿಸುವುದು ಅವಳಿಗೆ ಬಿಟ್ಟದ್ದು. ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಳ್ಳುವ ಕೇಂದ್ರವನ್ನು ಆ ಕಡೆ ಎಲ್ಲರೂ 'ರಾಗಿ ಸೆಂಟರ್' ಎಂದೇ ಕರೆಯುವುದು. ರಾಗಿ ಕೊಡುವ ದಿನಗಳೂ ಹತ್ತಿರ ಬಂದಿದ್ದವು. ಹಾಲಮ್ಮ ಬೀಸದ ರಾಗಿಯನ್ನು ಅಲ್ಲೇ ಬಿಟ್ಟು ಎದ್ದಳು.

ಬಸ್ ಸ್ಟ್ಯಾಂಡ್ ಮುಟ್ಟುವಾಗ ರಾಗಿ ಸೆಂಟರ್ ತರೀಕೆರೆಗೆ ಹೋಗುವುದರಲ್ಲಿತ್ತು. ಸಂತೆ ಬೀದಿಗೆ ಬರುವಾಗ ಹೋಗಿಯೇ ಬಿಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ತೂಕದ ಯಂತ್ರ, ಚೀಲ, ಕುರ್ಚಿ ಎಲ್ಲ ತುಂಬಿಕೊಂಡ ಲಾರಿಯೊಂದು ರೈಲ್ವೆ ಗೇಟಿನ ಹತ್ತಿರ ಕೆಟ್ಟು ನಿಂತಿತ್ತು. ಆ ಲಾರಿಯನ್ನು ಕಣ್ಣಾರೆ ಕಂಡವರು ಐದಾರು ಜನ ಸಿಕ್ಕಿದರು.

ಸಂಜೆ ಮಿಲ್ಲಿಗೆ ರೈತ ಮುಖಂಡ ಧನಪಾಲ್ ಬಂದರು. ಹೆಗಲ ಮೇಲೆ ಟವಲು, ಹಿಂದೆ ಒಂದು ಗುಂಪು.

"ಸೆಂಟರ್ ವಿಷಯ ನಿಜವೇನ್ರೀ ಕನಕರಾಜು?" ಎಂದು ಕೇಳಿದರು.

ಕನಕರಾಜುವಿಗೆ ಆಶ್ಚರ್ಯವಾಯಿತು. ಮನೆಯ ಜಗಳ ಇಷ್ಟು ಬೇಗ ಊರಿಗೆ ಮುಟ್ಟಿತಲ್ಲ! ಆದರೆ ಕೇಳುವವರು ಸಿಕ್ಕಾಗ ಬಿಡುವುದುಂಟೆ? "ನಿಜಾನಾ? ನನ್ನ ಮುಖಕ್ಕೇ ಹೇಳಿದ್ರು ನಮ್ಮ ಅಳಿಯಂದ್ರು. ಅಜ್ಜಂಪುರದ್ದು ಲೆಕ್ಕಕ್ಕಿಲ್ಲ, ಇನ್ಮೇಲೆ ಏನಿದ್ರೂ ತರೀಕೆರೆದೇ ಅಂತ."

"ಅವರು ಸರ್ಕಾರಿ ನೌಕರರಲ್ವಾ?"

"ಹೌದು, ಕಡೂರಲ್ಲಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಧನಪಾಲ್ ಕೈ ಎತ್ತಿ ಸುಮ್ಮನಾಗಿಸಿದರು. "ಏನು ಕಾರಣ ಕೊಟ್ರು?"

"ನಮ್ಮದು ಹಳೇದಂತೆ. ನಿಂತಲ್ಲೇ ನಿಂತಿರೋದಂತೆ. ಅಲ್ಲಾಡೋದೇ ಇಲ್ವಂತೆ."

"ಸೆಂಟರ್ ಅಂದ್ಮೇಲೆ ನಿಂತಲ್ಲೇ ನಿಂತಿರಬೇಕು!" ಧನಪಾಲ್ ಗುಡುಗಿದರು. "ಅಲ್ಲಾಡೋಕೆ ಅದೇನು ತಳ್ಳೋ ಗಾಡಿನಾ?"

"ಹಾಗೆ ಹೇಳಿ! ನಾನೂ ಅದನ್ನೇ ಹೇಳಿದ್ದು!"

"ತರೀಕೆರೆದರಲ್ಲಿ ಏನು ವಿಶೇಷವಂತೆ?"

"ಎತ್ತರ ಜಾಸ್ತಿಯಂತೆ. ದೂರದಿಂದಾನೇ ಹಾಕಬಹುದಂತೆ."

"ಹತ್ತಿರದಲ್ಲಿ ಹಾಕೋಕೆ ಜಾಗ ಇರುವಾಗ ದೂರದಿಂದ ಯಾಕ್ರೀ ಹಾಕಬೇಕು? ಯಾವ ನ್ಯಾಯ ಇದು?"

ಕನಕರಾಜುವಿನ ಕಣ್ಣು ತುಂಬಿ ಬಂತು. ನಲವತ್ತು ವರ್ಷಗಳಿಂದ ಅವನು ಹುಡುಕುತ್ತಿದ್ದ ಮನುಷ್ಯ ಇವತ್ತು ಸಿಕ್ಕಿದ್ದ. "ಧನಪಾಲ್ ಅವ್ರೇ, ನಿಮಗೆ ಆಟ ಅರ್ಥವಾಗುತ್ತೆ."

"ಅವರ ಆಟ ನನಗೆ ಅರ್ಥವಾಗದೆ ಇರುತ್ತೇನ್ರೀ?" ಎಂದು ಧನಪಾಲ್ ಟವಲು ಕೊಡವಿದರು. "ನಾಳೆ ಬೆಳಿಗ್ಗೆ ತಾಲ್ಲೂಕು ಆಫೀಸಿಗೆ ಹೋಗೋಣ. ಮುಂದೆ ನೀವಿರಬೇಕು."

ಮಾರನೇ ಬೆಳಿಗ್ಗೆ ಸ್ಟೇಷನ್ ರಸ್ತೆ ತುಂಬಾ ಜನ. ಎತ್ತಿನ ಗಾಡಿ, ಟ್ರ್ಯಾಕ್ಟರು, ಪಂಚಾಯ್ತಿಯ ಮಾಜಿ ಸದಸ್ಯರು, ಯಾವ ಮೆರವಣಿಗೆಯಾದರೂ ಬರುವ ಒಂದಷ್ಟು ಮಂದಿ. ಕನಕರಾಜು ಇಸ್ತ್ರಿ ಅಂಗಿ ಹಾಕಿ ಹೊರಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

"ನೋಡೇ ಶಕುಂತಲಾ," ಎಂದ. "ತಮ್ಮಯ್ಯಣ್ಣನಿಗೋಸ್ಕರ!"

"ಏನ್ರೀ, ಒಂದು ಚೆಂಡಾಟಕ್ಕೆ ಇಷ್ಟು ಜನ ಬರ್ತಾರೇನ್ರೀ?" ಶಕುಂತಲಮ್ಮನಿಗೆ ಅನುಮಾನ. "ನೀವು ಆಡುವಾಗಲೇ ಬರ್ತಿರಲಿಲ್ಲ."

"ಆಗ ಜನಕ್ಕೆ ತಿಳುವಳಿಕೆ ಇರಲಿಲ್ಲ ಕಣೇ. ಈಗ ಬಂದಿದೆ."

ಯಾರೋ ಹಾರ ಹಾಕಿದರು. "ಅಜ್ಜಂಪುರದ ಸೆಂಟರ್ ನಮ್ಮದು! ತರೀಕೆರೆಗೆ ಬಿಡೆವು!" ಎಂಬ ಕೂಗು ಎದ್ದಿತು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಕನಕರಾಜುವೇ. ಹುಡುಗರು ಮೊಬೈಲಿನಲ್ಲಿ ಹಿಡಿದು ಅಲ್ಲಿಂದಲೇ ಕಳಿಸಿದರು; ಮೆರವಣಿಗೆ ಆಫೀಸು ತಲುಪುವ ಮೊದಲೇ ವಿಡಿಯೋ ತರೀಕೆರೆ ತಲುಪಿತು.

ತಹಶೀಲ್ದಾರ್ ಮಾಲಿನಿ ಹೊಸದಾಗಿ ಬಂದವರು, ಸಮಾಧಾನದ ಹೆಂಗಸು. ಮುಖಂಡರನ್ನು ಒಳಗೆ ಕರೆಸಿ ಕೂರಿಸಿದರು. ತರೀಕೆರೆಗೆ ಫೋನು ಮಾಡಿದರು, ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಚಿಕ್ಕಮಗಳೂರಿಗೆ ಮಾಡಿದರು, ಅಲ್ಲಿಯೂ ಇಲ್ಲ. ಕೊನೆಗೆ ಹಾರ ಹಾಕಿಕೊಂಡಿದ್ದ ಕನಕರಾಜುವಿನ ಕಡೆ ತಿರುಗಿದರು.

"ನೀವೇ ಹೇಳಿ. ಈ ಸೆಂಟರ್ ವಿಷಯ ಏನು?"

ಕನಕರಾಜು ಎದ್ದು ನಿಂತ. "ಮೇಡಂ, ನೀವು ಹೊಸಬರು, ನಮ್ಮ ಸೆಂಟರ್‌ನ ನೋಡಿಲ್ಲ. ಎರಡೂ ಕೈ ಮೇಲೆತ್ತಿದ್ರೆ ಯಾರೂ ಒಳಗೆ ಬರೋ ಹಾಗೇ ಇರಲಿಲ್ಲ."

"ಸೆಂಟರ್‌ಗೆ ಕೈ ಇತ್ತಾ?"

"ಎರಡೂ ಇತ್ತು ಮೇಡಂ."

ಧನಪಾಲ್ ಪಕ್ಕದಿಂದ ಅವನ ಅಂಗಿ ಜಗ್ಗಿ, "ಕನಕರಾಜು, ರಾಗಿ ವಿಷಯಕ್ಕೆ ಬನ್ನಿ," ಎಂದು ಪಿಸುಗುಟ್ಟಿದರು.

"ಅಲ್ಲಿಗೇ ಬರ್ತೀನಿ. ಬೆಳಿಗ್ಗೆ ಎರಡು ಮುದ್ದೆ ಮೇಡಂ, ಮಧ್ಯಾಹ್ನ ಮೂರು."

"ಯಾರಿಗೆ?" ಎಂದರು ತಹಶೀಲ್ದಾರ್.

"ಸೆಂಟರ್‌ಗೆ."

ತಹಶೀಲ್ದಾರರು ಪೆನ್ನು ಕೆಳಗಿಟ್ಟರು.

"ಈ ಸೆಂಟರ್‌ಗೆ ಹೆಸರೇನಾದ್ರೂ ಇದೆಯಾ?" ತಹಶೀಲ್ದಾರರು ನಿಧಾನವಾಗಿ ಕೇಳಿದರು.

"ತಮ್ಮಯ್ಯ ಅಂತ ಮೇಡಂ. ಬ್ಯಾಸ್ಕೆಟ್‌ಬಾಲ್. ಅವರಂಥ ಸೆಂಟರ್ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟಲ್ಲ."

ತಹಶೀಲ್ದಾರರು ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಭುಜ ಸ್ವಲ್ಪ ಹೊತ್ತು ಅಲುಗುತ್ತಿತ್ತು. ತಿರುಗಿದಾಗ ಮುಖ ಮತ್ತೆ ಸರ್ಕಾರದ್ದಾಗಿತ್ತು. "ರಾಗಿ ಸೆಂಟರ್ ಎಲ್ಲೂ ಹೋಗಲ್ಲ. ಹೊರಗಿರೋರಿಗೆ ಹೇಳಿಬಿಡಿ," ಎಂದರು.

ಹೊರಗೆ ಬಂದಮೇಲೆ ವಿಷಯ ತಿಳಿದ ಜನ ಕನಕರಾಜುವನ್ನು ಸುತ್ತಿಕೊಂಡರು. ಒಬ್ಬ ಕಟಾವಿಗೆ ಬಂದ ಹುರುಳಿ ಬಿಟ್ಟು ಬಂದಿದ್ದ, ಇನ್ನೊಬ್ಬ ಭಾವಮೈದುನನ ಗೃಹಪ್ರವೇಶ ಬಿಟ್ಟು ಬಂದಿದ್ದ. ಹಾಲಮ್ಮ ಎಲ್ಲರಿಗಿಂತ ಮುಂದೆ ನಿಂತು, "ಊರಿಗೆಲ್ಲ ಸುಳ್ಳು ಸುದ್ದಿ ಹಬ್ಬಿಸ್ತೀಯೇನೋ ಕನಕರಾಜ?" ಎಂದು ಬೈದಳು.

ಧನಪಾಲ್ ಹಲ್ಲು ಕಚ್ಚಿಕೊಂಡು ಹೇಳಿದರು: "ಜನರ ಮುಂದೆ ತಪ್ಪಾಯ್ತು ಅಂತ ಹೇಳಿಬಿಡ್ರೀ. ಮುಗೀಲಿ."

ಸಾಧು ಮನುಷ್ಯ ಎಂದು ಹೆಸರಾದವನು ಹಾರವನ್ನು ಸರಿ ಮಾಡಿಕೊಂಡು ಮೆಟ್ಟಿಲ ಮೇಲೆ ನಿಂತ.

"ಹೇಳಲ್ಲ! ನಾನು ಯಾರಿಗೂ ಸುಳ್ಳು ಹೇಳಿಲ್ಲ. ಸೆಂಟರ್ ಅಂದೆ, ನಮ್ಮದು ಅಂದೆ, ಬಿಟ್ಕೊಡಲ್ಲ ಅಂದೆ. ಈಗಲೂ ಅದನ್ನೇ ಅಂತೀನಿ! ರಾಗಿ ಗೋಡೌನ್ ಒಂದಕ್ಕೆ ಇಷ್ಟು ಜನ ಬಂದ್ರಿ. ಊರಿಗೆ ಕಪ್ ಮೇಲೆ ಕಪ್ ತಂದ ಮನುಷ್ಯ ಪಂಚನಹಳ್ಳೀಲಿ ತೆಂಗಿನಕಾಯಿ ಸುಲೀತಾ ಕೂತಿದ್ದಾರೆ, ಒಬ್ಬರಾದ್ರೂ ಹೋಗಿ ಹೇಗಿದ್ದೀರಾ ಅಂತ ಕೇಳಿದ್ರಾ? ತಪ್ಪು ನೀವು ಕೇಳ್ಕೊಳ್ಳಿ!"

ಜನ ಏನು ಮಾಡುತ್ತಿದ್ದರೋ ಹೇಳಲಾಗದು. ಅಷ್ಟರಲ್ಲಿ ಧನಪಾಲರ ಫೋನು ಹೊಡೆದುಕೊಂಡಿತು. ವಿಡಿಯೋ ನೋಡಿದ ತರೀಕೆರೆಯವರು. ಮಾತು ಸುತ್ತ ನಿಂತವರಿಗೂ ಕೇಳುತ್ತಿತ್ತು: "ಏನ್ರೀ ಧನಪಾಲ್, ನಿಮ್ಮ ಸೆಂಟರ್ ಯಾರಿಗೆ ಬೇಕ್ರೀ? ಹಳೇ ಸಾಮಾನು ನೀವೇ ಇಟ್ಕೊಳ್ಳಿ!" ಆಮೇಲೆ ಜೋರು ನಗು.

ಧನಪಾಲರ ಮುಖ ಕೆಂಪಾಯಿತು. ಬೇರೆ ಊರಿನವರ ಮುಂದೆ 'ತಪ್ಪು ತಿಳ್ಕೊಂಡಿದ್ವಿ' ಎಂದು ಹೇಳುವುದು ಮುಖಂಡನಾದವನಿಗೆ ಸಾಧ್ಯವೆ? "ಹಳೇ ಸಾಮಾನಾ? ಭಾನುವಾರ ಬನ್ರೀ ನಮ್ಮ ಹೈಸ್ಕೂಲ್ ಮೈದಾನಕ್ಕೆ! ನಿಮ್ಮ ಬ್ಯಾಸ್ಕೆಟ್‌ಬಾಲ್ ಸೆಂಟರ್ ಕರ್ಕೊಂಡು ಬನ್ನಿ, ನಮ್ಮ ಸೆಂಟರ್ ಬರ್ತಾರೆ. ಅಲ್ಲೇ ತೀರ್ಮಾನ ಆಗ್ಲಿ!" ಫೋನು ಇಟ್ಟು ಜನರ ಕಡೆ ತಿರುಗಿದರು. "ಯಾವ ಸೆಂಟರ್ ಆದ್ರೇನ್ರಪ್ಪಾ? ಬಿಡೆವು ಅಂದ್ಮೇಲೆ ಬಿಡೆವು!"

"ಬಿಡೆವು!" ಎಂದರು ಜನ. ಇಷ್ಟು ದೂರ ಬಂದವರಿಗೆ ಕೂಗುವುದಕ್ಕೆ ಏನಾದರೂ ಬೇಕಿತ್ತು.

ಕನಕರಾಜು ಅವತ್ತೇ ಕಡೂರಿನ ಮೇಲೆ ಪಂಚನಹಳ್ಳಿಗೆ ಬಸ್ಸು ಹತ್ತಿದ. ತಮ್ಮಯ್ಯನವರು ತೋಟದಲ್ಲಿ ಕಾಯಿ ಸುಲಿಯುತ್ತಿದ್ದರು. ಕೂತಿದ್ದರೂ ನಿಂತವರಷ್ಟು ಎತ್ತರ. ಹುಡುಗನಾಗಿದ್ದಾಗ ಅಜ್ಜಂಪುರದ ಸೋದರಮಾವನ ಮನೆಯಲ್ಲಿದ್ದು ಓದಿದವರು. ಓದು ಮುಗಿದ ಮೇಲೆ ಊರಿಗೆ ಬಂದು ತೋಟ ಹಿಡಿದರು. ಆಮೇಲೆ ಚೆಂಡು ಮುಟ್ಟಿರಲಿಲ್ಲ. ವಿಷಯ ಕೇಳಿ ಗಾಬರಿಯಾದರು.

"ನಿನಗೇನು ತಲೆ ಕೆಟ್ಟಿದೆಯೇನೋ? ನನ್ನ ಮೊಣಕಾಲು ನೋಡು. ಮೆಟ್ಲು ಹತ್ತೋಕೆ ಆಗಲ್ಲ. ಯಾವ ಕಾಲದ ಆಟ ಅದು! ಯಾರಿಗೆ ನೆನಪಿರುತ್ತೆ?"

ಕನಕರಾಜು ಮೊಬೈಲು ತೆಗೆದು ವಿಡಿಯೋ ಹಚ್ಚಿದ. ಸ್ಟೇಷನ್ ರಸ್ತೆ ತುಂಬಾ ಜನ. ಟ್ರ್ಯಾಕ್ಟರು, ಬಾವುಟ. 'ಅಜ್ಜಂಪುರದ ಸೆಂಟರ್ ನಮ್ಮದು! ತರೀಕೆರೆಗೆ ಬಿಡೆವು!'

ತಮ್ಮಯ್ಯ ಮೊಬೈಲನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮುಗಿದ ಮೇಲೆ ಇನ್ನೊಂದು ಸಲ ಹಾಕಿಸಿಕೊಂಡರು.

"ಇದು... ಇಷ್ಟು ಜನ ನನಗೋಸ್ಕರ ಬಂದಿದ್ರೇನೋ?"

ಈ ಇಡೀ ಪ್ರಕರಣದಲ್ಲಿ ಕನಕರಾಜು ಹೇಳಿದ್ದು ಒಂದೇ ಸುಳ್ಳು. ಅದನ್ನು ಅವನು ಎದೆಯೆತ್ತಿ ಹೇಳಿದ. "ಹೂಂ ತಮ್ಮಯ್ಯಣ್ಣ. ಎಲ್ಲಾ ನಿಮಗೋಸ್ಕರಾನೇ."

ತಮ್ಮಯ್ಯ ಮಚ್ಚು ಕೆಳಗಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೆಂಡತಿಯ ಹತ್ತಿರ ಮೊಣಕಾಲಿಗೆ ಎಣ್ಣೆ ಕೇಳುವುದು ಕೇಳಿಸಿತು.

ಭಾನುವಾರ ಹೈಸ್ಕೂಲ್ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ತರೀಕೆರೆಯವರು ಎರಡು ಟೆಂಪೋ ತುಂಬ ಬಂದಿದ್ದರು. ಅಂಪೈರ್ ಯಾರಾಗಬೇಕು ಎಂಬ ಜಗಳ ಹತ್ತಿ, ಎರಡೂ ಊರಿಗೆ ಸೇರದ ಕಡೂರಿನ ಶಿವಕುಮಾರನೇ ಆಗಬೇಕೆಂದು ತೀರ್ಮಾನವಾಯಿತು. ಅವನೇ ಮಹೇಂದ್ರನನ್ನು ಬೈಕಿನಲ್ಲಿ ಕರೆತಂದಿದ್ದ. ಹಿಂದೆ ಕೂತ ಹುಡುಗನ ಮಂಡಿ ಎರಡೂ ಕಡೆ ರೆಕ್ಕೆಯ ಹಾಗೆ ಚಾಚಿಕೊಂಡಿದ್ದವು. ಮಾವ ಅಳಿಯ ಮಾತಾಡಲಿಲ್ಲ. ಅಂಪೈರ್ ಆದವನು ಮಾತಾಡಬಾರದು ಎಂದು ಅಳಿಯ, ಅಂಪೈರ್ ತರೀಕೆರೆಗೆ ಮಾರಿಹೋಗಿದ್ದಾನೆ ಎಂದು ಮಾವ.

ಇಬ್ಬರೇ ಆಡುವುದು, ಮೊದಲು ಐದು ಸಲ ಬುಟ್ಟಿಗೆ ಹಾಕಿದವರು ಗೆದ್ದ ಹಾಗೆ. ತಮ್ಮಯ್ಯ ಅಂಕಣಕ್ಕೆ ಬಂದಾಗ ಮಹೇಂದ್ರ ಬಗ್ಗಿ ಅವರ ಕಾಲು ಮುಟ್ಟಿದ.

"ನೋಡಿ! ಸೋಲು ಒಪ್ಕೊಂಡ!" ಎಂದು ಕನಕರಾಜು ಕೂಗಿದ.

ಶಿವಕುಮಾರ್ ಸೀಟಿ ಊದಿದ. ಮಹೇಂದ್ರ ದೂರದ ಗೆರೆಯ ಹೊರಗೆ ನಿಂತು ಚೆಂಡು ಎಸೆದ. ಚೆಂಡು ರಿಂಗನ್ನು ಸೋಕದೆ ಬುಟ್ಟಿಗೆ ಬಿತ್ತು. ತಮ್ಮಯ್ಯ ರಿಂಗಿನ ಕೆಳಗೆ ನಿಂತಲ್ಲೇ ನಿಂತು, "ಓಹೋ, ಭಾರಿ ಚೆನ್ನಾಗಿದೆ," ಎಂದರು.

"ಅಣ್ಣಾ, ಹೊಗಳಬೇಡಿ! ಹತ್ರ ಹೋಗಿ ತಡೀರಿ!"

"ಅಲ್ಲಿಗೆ ಹೋಗಿ ವಾಪಸ್ ಬರೋದು ಯಾರೋ?"

ಮುಂದಿನವೂ ಹಾಗೆಯೇ ಬಿದ್ದವು. ತಮ್ಮಯ್ಯನವರೂ ಒಂದು ಹಾಕಿದರು, ಬುಟ್ಟಿಗೆ ಬೆನ್ನು ತಿರುಗಿಸಿ, ಒಂದೇ ಕೈಯಲ್ಲಿ ತಲೆಯ ಮೇಲಿಂದ. ಅದು ರಿಂಗಿನ ಮೇಲೆ ಎರಡು ಸುತ್ತು ಸುತ್ತಿ, ಯೋಚನೆ ಮಾಡಿ, ಒಳಗೆ ಬಿತ್ತು. ಅಜ್ಜಂಪುರ ಕುಣಿಯಿತು. ಆದರೆ ಮಹೇಂದ್ರನಿಗೆ ಇನ್ನು ಒಂದೇ ಬೇಕಿತ್ತು.

ಕನಕರಾಜು ಅಂಕಣದ ಅಂಚಿಗೇ ಬಂದುಬಿಟ್ಟ. "ಏಯ್ ತರೀಕೆರೆ ಹುಡುಗಾ! ದೂರದಿಂದ ಯಾರು ಬೇಕಾದ್ರೂ ಹಾಕ್ತಾರೆ! ಗಂಡಸಾದ್ರೆ ಒಳಗೆ ಬಾರೋ!"

ಶಿವಕುಮಾರ್ ಸೀಟಿ ಊದಿದ. "ಮಾವ, ಹೊರಗೆ ಹೋಗಿ!"

"ಹೋಗಲ್ಲ!"

ಮಹೇಂದ್ರ ನಕ್ಕ. ಇಪ್ಪತ್ತರ ಹುಡುಗ, ಜನ ನೋಡುತ್ತಿದ್ದಾರೆ. ಚೆಂಡು ಪುಟಿಸುತ್ತ ರಭಸದಿಂದ ಒಳಗೆ ನುಗ್ಗಿ, ರಿಂಗಿನ ಮುಂದೆ ಮೇಲಕ್ಕೆ ಹಾರಿದ. ತಮ್ಮಯ್ಯ ಹಾರಲಿಲ್ಲ. ಹಾರುವ ಕಾಲು ಅವರದಾಗಿರಲಿಲ್ಲ. ಬಲಗೈ ಒಂದನ್ನು, ಎಳನೀರು ಕೀಳುವವರ ಹಾಗೆ, ಸುಮ್ಮನೆ ಮೇಲಕ್ಕೆತ್ತಿದರು. ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ.

ಫಟ್ ಎಂದಿತು. ಚೆಂಡು ಜನರ ತಲೆಯ ಮೇಲಿಂದ, ಕಾಂಪೌಂಡಿನ ಮೇಲಿಂದ ಹಾರಿ ರಸ್ತೆಗೆ ಬಿತ್ತು. ಬೀರೂರಿಗೆ ಹೊರಟಿದ್ದ ಬಸ್ಸು ಬ್ರೇಕು ಹಾಕಿ ನಿಂತಿತು. ಕಂಡಕ್ಟರ್ ಚೆಂಡು ಹಿಡಿದುಕೊಂಡು ಗೇಟಿಗೆ ಬಂದವನು ಏನಾಗಿದೆ ನೋಡಲು ಅಲ್ಲೇ ನಿಂತ. ಒಳಗೆ ಹಾಲಮ್ಮ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹೊಡೆಯುತ್ತಿದ್ದಳು. ಧನಪಾಲರ ಟವಲು ಗಾಳಿಯಲ್ಲಿತ್ತು. ಮಹೇಂದ್ರ ತನ್ನ ಖಾಲಿ ಕೈ ನೋಡಿಕೊಳ್ಳುತ್ತ ನಿಂತಿದ್ದ.

ಚೆಂಡು ವಾಪಸ್ ಬಂತು. ಮಹೇಂದ್ರ ಮತ್ತೆ ಒಳಗೆ ಹೋಗಲಿಲ್ಲ. ಗೆರೆಯ ಹೊರಗಿನಿಂದಲೇ ಕೊನೆಯದನ್ನು ಹಾಕಿದ. ಆಟ ಮುಗಿಯಿತು.

ತರೀಕೆರೆಯವರು ಕುಣಿದರು. ಅಜ್ಜಂಪುರದವರು ಒಬ್ಬೊಬ್ಬರಾಗಿ ಕೈ ಕೆಳಗಿಳಿಸಿದರು. ಧನಪಾಲ್ ಯಾರದೋ ಫೋನು ಬಂದವರ ಹಾಗೆ ಮೊಬೈಲು ಕಿವಿಗೆ ಹಿಡಿದು ಗೇಟಿನ ಕಡೆ ಸರಿಯತೊಡಗಿದರು. ತಮ್ಮಯ್ಯ ಮಾತ್ರ ಸಂತೋಷವಾಗಿದ್ದರು. ಕುಂಟುತ್ತ ಬಂದು ಮಹೇಂದ್ರನ ಬೆನ್ನು ತಟ್ಟಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಹುಡುಗ ನನಗಿಂತ ಒಳ್ಳೇ ಸೆಂಟರ್ ಕಣ್ರಪ್ಪಾ. ಈ ವಯಸ್ಸಿನಲ್ಲಿ ಬಿಡಿ, ಇವನ ವಯಸ್ಸಿನಲ್ಲೂ ನಾನು ಹೀಗೆ ಆಡ್ತಿರಲಿಲ್ಲ. ಉದ್ದ ಇದ್ದೆ, ಅಷ್ಟೆ."

ಮಹೇಂದ್ರನಿಗೆ ಅದಕ್ಕೆ ಕಿವಿಯಿರಲಿಲ್ಲ. "ಅಂಕಲ್, ನಾನು ಎಲ್ಲಿಂದ ಹಾರ್ತೀನಿ ಅಂತ ನಿಮಗೆ ಹೇಗೆ ಗೊತ್ತಾಯ್ತು? ಕೈ ಮೊದಲೇ ಅಲ್ಲಿತ್ತಲ್ಲ?" ಎಂದು ಅವರ ತೋಳು ಹಿಡಿದುಕೊಂಡು ಕೇಳುತ್ತಿದ್ದ.

ಶಿವಕುಮಾರ್ ಸೀಟಿಯನ್ನು ಜೇಬಿಗೆ ಹಾಕಿ ಮಾವನ ಹತ್ತಿರ ಬಂದ. ದನಿಯಲ್ಲಿ ಗೆಲುವಿಗಿಂತ ಕನಿಕರವೇ ಹೆಚ್ಚಿತ್ತು. "ಈಗಲಾದ್ರೂ ಒಪ್ಕೊಳ್ಳಿ ಮಾವ. ತಮ್ಮಯ್ಯೋರೇ ಹೇಳಿದ್ರಲ್ಲ?"

ಇಡೀ ಮೈದಾನ ಕನಕರಾಜುವನ್ನು ನೋಡಿತು. ಅಳಿಯ ಬಿಟ್ಟುಕೊಟ್ಟಿರಲಿಲ್ಲ, ಊರು ಕೈ ಬಿಟ್ಟಿತ್ತು, ಕೊನೆಗೆ ತಮ್ಮಯ್ಯನವರೇ ಆ ಕಡೆ ಸೇರಿಕೊಂಡಿದ್ದರು. ಕನಕರಾಜು ಅಂಕಣದೊಳಗೆ ನಡೆದು, ತನಗಿಂತ ಎರಡು ಗೇಣು ಎತ್ತರದ ತಮ್ಮಯ್ಯನವರ ಮುಂದೆ ನಿಂತು, ಬೆರಳು ತೋರಿಸಿ ಗದರಿಸಿದ:

"ತಮ್ಮಯ್ಯಣ್ಣಾ, ನೀವು ಸುಮ್ನಿರಿ! ನಿಮ್ಮ ಆಟದ ಬಗ್ಗೆ ನಿಮಗೇನು ಗೊತ್ತು? ನೀವು ಆಡ್ತಿದ್ರಿ. ನೋಡ್ತಿದ್ದೋನು ನಾನು!"

ತಮ್ಮಯ್ಯ ಬಾಯಿ ತೆರೆದರು. ಆಮೇಲೆ ಶಿವಕುಮಾರನ ಮುಖ ನೋಡಿದರು. ಶಿವಕುಮಾರ್ ಜೇಬಿನಲ್ಲಿ ಸೀಟಿ ಹುಡುಕತೊಡಗಿದ. ಗೇಟಿನಲ್ಲಿ ನಿಂತಿದ್ದ ಬೀರೂರು ಬಸ್ಸಿನ ಕಂಡಕ್ಟರ್ ಗಟ್ಟಿಯಾಗಿ, "ಅದು ಸರಿ," ಎಂದು ಹೇಳಿ ಬಸ್ಸು ಹತ್ತಲು ಹೋದ.